ಬಗಲ ಚೀಲದ ಕ್ಯಾಮೆರಾ

ಕ್ಯಾಮೆರಾ ತೆಗೆದುಕೊಳ್ಳಬೇಕು ಅಂದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಮೆಗಾಪಿಕ್ಸೆಲ್?" ಅಂತ. ಎರಡನೆಯದು "ಝೂಮ್ ಎಷ್ಟು?". "ತೂಕ ಎಷ್ಟು?" ಅಂತ ಕೇಳಿದವರನ್ನು ನಾವಂತೂ ಕಂಡಿಲ್ಲ. ಲಾತೂರಿನ ಅಂಗಡಿಯೊಂದರಲ್ಲಿ ನಾವು ಇದನ್ನೇ ಮೊದಲು ಕೇಳಿದಾಗ ಅಂಗಡಿಯವ ನಮ್ಮ ಮುಖ ನೋಡಿ, "ಸರ್, ತೂಕದ ಮ್ಯಾಲ ಮಾರೋದು ಕಾಂದಾ ಬಟಾಟಿ" ಅಂದ. ನಕ್ಕೆವು. ಆದರೆ ಪ್ರಶ್ನೆ ಬಿಡಲಿಲ್ಲ.

ಯಾಕೆಂದರೆ ನಮ್ಮ ತಿರುಗಾಟವೇ ಹಾಗಿದೆ. ಮಾಕಣಿ ಅಂದರೆ ಈ ಕಡೆಯವರಿಗೆ ತೇರಣಾ ನದಿಯ ಧರಣ, ಅಂದರೆ ಆಣೆಕಟ್ಟು. ಮೊದಲು ಉಮರ್ಗಾ ತಾಲೂಕಿನಲ್ಲಿದ್ದ ಊರು, ಈಗ ಲೋಹಾರಾ ತಾಲೂಕು. ಜಿಲ್ಲೆಯ ಹೆಸರೂ 2023ರಲ್ಲಿ ಉಸ್ಮಾನಾಬಾದ ಹೋಗಿ ಧಾರಾಶಿವ ಆಯಿತು. ಬಜಾರದಲ್ಲಿ ಮರಾಠಿ, ಕೆಲವು ಮನೆಗಳ ಒಳಗೆ ಕನ್ನಡ. ರಜೆ ಬಂತೆಂದರೆ ನಾವು ಉಮರ್ಗಾ, ನಿಲಂಗಾ, ಔಸಾ, ಉದಗೀರ ಅಂತ ಎಸ್.ಟಿ. ಹತ್ತಿಬಿಡುತ್ತೇವೆ. ಎಸ್.ಟಿ. ಹೋಗದ ಕಡೆ ವಡಾಪ ಜೀಪು. ಜೀಪೂ ಹೋಗದ ಕಡೆ ಕಾಲ್ನಡಿಗೆ. ನೋಡುವುದು ಹಳೆಯ ಗುಡಿ, ಬಾವಿ, ವೀರಗಲ್ಲು, ಕನ್ನಡ ಅಕ್ಷರ ಇರುವ ಕಲ್ಲು.

"ಸರ್, ಮಹಾರಾಷ್ಟ್ರದಾಗ ಕನ್ನಡ ಕಲ್ಲು ಹ್ಯಾಂಗ ಬಂತರಿ?" ಅಂತ ನಮ್ಮ ಮಕ್ಕಳೇ ಕೇಳುತ್ತಾರೆ. ರಾಷ್ಟ್ರಕೂಟರಿಗೆ 'ಲಟ್ಟಲೂರ ಪುರವರಾಧೀಶ್ವರ' ಅನ್ನುವ ಬಿರುದು ಇತ್ತು. ಆ ಲಟ್ಟಲೂರು ಬೇರೆಯಲ್ಲ, ನಮ್ಮ ಪಕ್ಕದ ಲಾತೂರೇ ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಆಮೇಲೆ ಕಲ್ಯಾಣದ ಚಾಲುಕ್ಯರು. ಕಲ್ಯಾಣ ಉಮರ್ಗಾದಿಂದ ದೂರವೇನಲ್ಲ. ನಾಂದೇಡ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಶೆಳಕೆ ಅವರು 1968ರಲ್ಲಿ, ಸೊಲ್ಲಾಪುರ ಜಿಲ್ಲೆಯವನ್ನು ರಿತ್ತಿ ಮತ್ತು ಆನಂದ ಕುಂಭಾರ ಅವರು 1988ರಲ್ಲಿ ಪುಸ್ತಕ ಮಾಡಿದ್ದಾರೆ. ಅವುಗಳನ್ನು ತೆರೆದರೆ ಕನ್ನಡ ಎಷ್ಟಿದೆ ಅನ್ನುವುದು ತಿಳಿಯುತ್ತದೆ. ಆದರೆ ಪುಸ್ತಕ ಸೇರದ ತುಂಡುಗಳು ಇನ್ನೂ ಊರೂರಲ್ಲಿ ಬಿದ್ದಿವೆ. ದೇವರಾದ ಕಲ್ಲಿಗೆ ಸಿಂಧೂರ, ಎಣ್ಣೆ. ಗುಡಿ ಜೀರ್ಣೋದ್ಧಾರ ಆಯಿತೆಂದರೆ ಆಯಿಲ್ ಪೇಂಟು, ಟೈಲ್ಸು. ಇವತ್ತು ಕಂಡ ಅಕ್ಷರ ಮುಂದಿನ ಯುಗಾದಿಗೆ ಇರುತ್ತದೆ ಅನ್ನುವ ಭರವಸೆ ಇಲ್ಲ.

ಕಲ್ಲಿನ ಮಾತು ಹಾಗಾದರೆ ಜನರದು ಇನ್ನೊಂದು. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪವನ್ನು ಹೊರಗಿನವರು ಕಿಲ್ಲಾರಿ ಭೂಕಂಪ ಅನ್ನುತ್ತಾರೆ. ಕಿಲ್ಲಾರಿ, ಸಾಸ್ತೂರ, ಮಾಕಣಿ ಎಲ್ಲ ಒಂದೇ ಪಟ್ಟಿ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. 52 ಊರುಗಳನ್ನು ಇದ್ದ ಜಾಗ ಬಿಡಿಸಿ ಬೇರೆ ಕಡೆ ಕಟ್ಟಿದರು. ಕಲ್ಲು ಮಣ್ಣಿನ ದಪ್ಪ ಗೋಡೆಗಳ ಕೆಳಗೆ ಮನುಷ್ಯರ ಜೊತೆಗೆ ಮನೆಯಲ್ಲಿದ್ದ ಒಂದೋ ಎರಡೋ ಫೋಟೋಗಳೂ ಹೋದವು. ತಾಯಿಯ ಮುಖ ಹೇಗಿತ್ತು ಅಂತ ತೋರಿಸಲು ಒಂದು ಚೂರು ಕಾಗದವೂ ಇಲ್ಲದ ಮನೆಗಳನ್ನು ನಾವು ನೋಡಿದ್ದೇವೆ. ಅಂಥ ಮನೆಯವರು "ಮಾಸ್ತರ, ನಮ್ಮ ಮುದುಕಿದೊಂದು ಫೋಟು ತೆಗೀರಿ" ಅಂದಾಗ "ಮುಂದಿನ ಸಲ ಕ್ಯಾಮೆರಾ ತರ್ತೀವಿ" ಅನ್ನಲು ಬಾಯಿ ಬರುವುದಿಲ್ಲ.

ನಮ್ಮ ಜೊತೆಯ ಶಿಕ್ಷಕರೊಬ್ಬರ ಹತ್ತಿರ ಕ್ಯಾನನ್ 1500ಡಿ ಡಿಎಸ್‌ಎಲ್‌ಆರ್ ಇತ್ತು, 2018ರಲ್ಲಿ ಬಂದ ಮಾದರಿ. ಒಂದು ಬೇಸಿಗೆ ರಜೆಯಷ್ಟೂ ಅದನ್ನು ನಮಗೆ ಬಿಟ್ಟುಕೊಟ್ಟರು. ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಕಣ್ಣಿಟ್ಟು ನೋಡುವ ಕಿಂಡಿ ಇದೆ, ಗುಂಡಿ ಒತ್ತಿದ ಕ್ಷಣಕ್ಕೆ ಚಿತ್ರ ಬೀಳುತ್ತದೆ. ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿದೆವು (ನಿಜವಾಗಿಯೂ!). ಬಾಡಿ 475 ಗ್ರಾಂ, 18-55 ಲೆನ್ಸು 200 ಗ್ರಾಂ, ದೂರದ್ದಕ್ಕೆ 55-250 ಎಸ್‌ಟಿಎಂ ಲೆನ್ಸು 375 ಗ್ರಾಂ. ಅಲ್ಲಿಗೇ ಕಿಲೋ ದಾಟಿತು. ಮೇಲೆ ಚಾರ್ಜರು, ಸ್ಪಂಜಿನ ದಪ್ಪ ಚೀಲ. ಮೇ ತಿಂಗಳ ಬಿಸಿಲಿಗೆ ಎರಡು ಬಾಟಲಿ ನೀರು. ನಲವತ್ತು ದಾಟಿದ ಹೆಗಲು ಸಂಜೆಗೆ ಲೆಕ್ಕ ಒಪ್ಪಿಸುತ್ತಿತ್ತು.

ಹೆಗಲಿನ ಭಾರವನ್ನಾದರೂ ಸಹಿಸಬಹುದು. ಆ ಕ್ಯಾಮೆರಾ ಹೊರಗೆ ಬಂದರೆ ಊರಿನ ಹಾವಭಾವವೇ ಬದಲಾಗುತ್ತಿತ್ತು. "ಮೋಜಣಿ ಬಂತೇನ್ರಿ ಸಾಹೇಬ್ರ?" ಅಂತ ಒಬ್ಬ. "ಯಾವ ಪೇಪರ್‌ದವ್ರು?" ಅಂತ ಇನ್ನೊಬ್ಬ. ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ಸಾವಧಾನ ನಿಲ್ಲುತ್ತಿದ್ದರು. ಮುದುಕಿಯರು ಸೆರಗು ಎಳೆದುಕೊಂಡು ಕಾಲ ಬೆರಳು ನೋಡುತ್ತಿದ್ದರು. ಅವರದೇನೂ ತಪ್ಪಿಲ್ಲ. ಧರಣಕ್ಕೆ ಭೂಮಿ ಹೋದಾಗ, ಭೂಕಂಪದ ನಂತರ ಮನೆ ಎಣಿಸಿದಾಗ, ಪ್ರತಿ ಸಲ ದೊಡ್ಡ ಕ್ಯಾಮೆರಾದ ಮನುಷ್ಯ ಬಂದ ಹಿಂದೆಯೇ ಒಂದು ಕಾಗದ ಬಂದಿದೆ. ರಜೆ ಮುಗಿಯುವ ಮೊದಲೇ ಕ್ಯಾಮೆರಾವನ್ನು ವಂದನೆಗಳೊಂದಿಗೆ ಅವರ ಮನೆಗೆ ಮುಟ್ಟಿಸಿದೆವು. ನಮಗೆ ಚಿಕ್ಕದು ಬೇಕು ಅಂತ ನಿಶ್ಚಯವಾಗಿತ್ತು.

ಆದರೆ ಚಿಕ್ಕದರಲ್ಲೂ ಜಾತಿಗಳಿವೆ. ಇಲ್ಲಿ ಸ್ವಲ್ಪ ಮಾಸ್ತರಿಕೆ ಮಾಡುತ್ತೇವೆ, ಸಹಿಸಿಕೊಳ್ಳಿ.

ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಚಿಪ್ಪಿಗೆ ಸೆನ್ಸರ್ ಅನ್ನುತ್ತಾರೆ. ಮಳೆಗೆ ಅಂಗಳದಲ್ಲಿ ಪಾತ್ರೆ ಇಟ್ಟ ಹಾಗೆ ಅದು. ಅಗಲ ಬಾಯಿಯ ಪರಾತದಲ್ಲಿ ಹೆಚ್ಚು ನೀರು, ಲೋಟದಲ್ಲಿ ಕಡಿಮೆ. ಸಾಮಾನ್ಯ ಚಿಕ್ಕ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 ಮಿ.ಮೀ. ಉದ್ದ, 4.6 ಮಿ.ಮೀ. ಅಗಲ. ನಮ್ಮ ಕಿರುಬೆರಳ ಉಗುರಿಗಿಂತ ಸಣ್ಣದು. ಆ 1500ಡಿಯದು 22.3ಕ್ಕೆ 14.9 ಮಿ.ಮೀ. ಇವೆರಡರ ನಡುವೆ 'ಒಂದು ಇಂಚು' ಅಂತ ಒಂದು ಅಳತೆ ಇದೆ, 13.2ಕ್ಕೆ 8.8 ಮಿ.ಮೀ. ಗುಣಿಸಿ ನೋಡಿ: ಸಾಮಾನ್ಯ ಚಿಕ್ಕ ಕ್ಯಾಮೆರಾದ ನಾಲ್ಕು ಪಟ್ಟು, ಡಿಎಸ್‌ಎಲ್‌ಆರ್‌ನ ಮೂರನೇ ಒಂದು ಪಾಲು. ಹೆಸರಿಗೆ ಒಂದು ಇಂಚು, ಕರ್ಣ ಅಳೆದರೆ 16 ಮಿ.ಮೀ. ಅಷ್ಟೇ. ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ನಳಿಕೆ ಇದ್ದ ಕಾಲದಲ್ಲಿ ನಳಿಕೆಯ ಹೊರವ್ಯಾಸದ ಅಳತೆ ಹೇಳುತ್ತಿದ್ದರು, ಅದೇ ರೂಢಿ ಉಳಿದುಬಿಟ್ಟಿದೆ. ಅಂಗಡಿಯವರು ಇದನ್ನೆಲ್ಲ ಹೇಳುವುದಿಲ್ಲ, ಮೆಗಾಪಿಕ್ಸೆಲ್ ಮಾತ್ರ ಹೇಳುತ್ತಾರೆ. ಲೋಟಕ್ಕೆ ಎಷ್ಟು ಗೆರೆ ಕೊರೆದರೂ ಬಾಯಿ ಅಗಲ ಆಗುವುದಿಲ್ಲವಲ್ಲ.

ಈ ಒಂದು ಇಂಚನ್ನು ಅಂಗಿ ಜೇಬಿನ ಅಳತೆಯ ಕ್ಯಾಮೆರಾದಲ್ಲಿ ಕೂಡಿಸಿ ಸೋನಿಯವರು 2012ರಲ್ಲಿ ಆರ್‌ಎಕ್ಸ್ 100 ತಂದರು. 20 ಮೆಗಾಪಿಕ್ಸೆಲ್, ಬ್ಯಾಟರಿ ಕಾರ್ಡು ಸೇರಿ 240 ಗ್ರಾಂ. ಕ್ಯಾನನ್‌ನವರದು ಜಿ7ಎಕ್ಸ್ ಮಾರ್ಕ್ 2, ಇದು 2016ರದು, 319 ಗ್ರಾಂ. ಅದರ ಪರದೆ ಮೇಲಕ್ಕೆ ಮಡಚುತ್ತದೆ, ಝೂಮ್ ಮಾಡಿದರೂ ಲೆನ್ಸು ಎಫ್ 2.8ಕ್ಕಿಂತ ಕಿರಿದಾಗುವುದಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದು ಅರ್ಧ ಗಂಟೆ ಕಳೆದೆವು. ಕೊನೆಗೆ ಜೇಬು ನೋಡಿಕೊಂಡು (ಎರಡೂ ಅರ್ಥದಲ್ಲಿ) ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 100 ತಗೊಂಡೆವು. ಮೊದಲ ಮಾದರಿ. ಆಮೇಲೆ ಅದರದೇ ಹಲವು ಆವೃತ್ತಿ ಬಂದವು, ನಮಗೆ ಅವುಗಳ ಗರಜಿಲ್ಲ.

ಹಗುರ ಕ್ಯಾಮೆರಾ ಬೇಕು ಅನ್ನುವುದು ನಮ್ಮಂಥ ಆಲಸಿಗಳ ಹಟ ಅಂದುಕೊಳ್ಳಬೇಡಿ. ಜರ್ಮನಿಯ ಆಸ್ಕರ್ ಬಾರ್ನಾಕ್‌ಗೆ ಉಬ್ಬಸ ಇತ್ತು. ಗಾಜಿನ ಫಲಕದ ಆ ಕಾಲದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಆಗುತ್ತಿರಲಿಲ್ಲ. ಸಿನಿಮಾ ರೀಲಿನ 35 ಮಿ.ಮೀ. ಫಿಲ್ಮನ್ನೇ ಬಳಸಿ 1914ರ ಸುಮಾರಿಗೆ ಕೈಯಳತೆಯ ಕ್ಯಾಮೆರಾ ಮಾಡಿಕೊಂಡ. 1925ರಲ್ಲಿ ಅದೇ ಲೈಕಾ ಅಂತ ಪೇಟೆಗೆ ಬಂತು. ಒಬ್ಬ ಮನುಷ್ಯನ ಏದುಸಿರಿನಿಂದ ಫೋಟೋ ತೆಗೆಯುವ ರೀತಿಯೇ ಬದಲಾಯಿತು ನೋಡಿ.

"ಮೊಬೈಲ್ ಇರುವಾಗ ಇದೆಲ್ಲ ಯಾಕೆ?" ಅಂತ ನೀವು ಕೇಳುತ್ತೀರಿ, ಗೊತ್ತು. ಲೋಕವೇ ಹಾಗೆ ಕೇಳಿದೆ. 2010ರಲ್ಲಿ ಜಪಾನಿನ ಕಂಪನಿಗಳು ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು, 2023ರಲ್ಲಿ ಅದು 80 ಲಕ್ಷವನ್ನೂ ಮುಟ್ಟಲಿಲ್ಲ. ಮೊಬೈಲಿನಲ್ಲಿ ನಾವೂ ತೆಗೆಯುತ್ತೇವೆ, ಹಗಲಿನಲ್ಲಿ ಚೆನ್ನಾಗಿಯೇ ಬರುತ್ತದೆ. ನಮ್ಮ ತಕರಾರು ಒಂದೇ. ಮೊಬೈಲು ತಾನೇ ಜಾಣತನ ಮಾಡುತ್ತದೆ. ಕತ್ತಲಿದ್ದರೆ ನಾಲ್ಕಾರು ಚಿತ್ರ ಕೂಡಿಸಿ, ಉಜ್ಜಿ, ನುಣುಪು ಮಾಡಿ ಕೊಡುತ್ತದೆ. ಮುಖಕ್ಕೆ ಅದು ಸರಿ. ಸವೆದ ಅಕ್ಷರಕ್ಕೆ ಸರಿಯಲ್ಲ. 'ಪ'ಕಾರವೋ 'ವ'ಕಾರವೋ ಅಂತ ಕಣ್ಣು ಕೀಲಿಸಿ ನೋಡುವ ಜಾಗದಲ್ಲಿ ಕಲ್ಲಿನ ಒರಟೇ ನಮಗೆ ಬೇಕು. ಆರ್‌ಎಕ್ಸ್‌ನಲ್ಲಿ 'ರಾ' ಕಡತ ಸಿಗುತ್ತದೆ. ಅಂದರೆ ಅಡುಗೆ ಮಾಡದ ಹಸಿ ದಿನಸಿ, ಮನೆಗೆ ಬಂದು ನಮಗೆ ಬೇಕಾದ ಹದಕ್ಕೆ ಬೇಯಿಸಿಕೊಳ್ಳಬಹುದು.

ಶಾಸನ ತೆಗೆಯುವ ರೀತಿಯನ್ನು ಇಲ್ಲೇ ಬರೆಯುತ್ತೇವೆ, ಯಾರಿಗಾದರೂ ಬೇಕಾದೀತು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಅಕ್ಷರ ಮಾಯ. ಬೆಳಕು ಪಕ್ಕದಿಂದ ಸವರಿಕೊಂಡು ಬರಬೇಕು, ಆಗ ಪ್ರತಿ ಗೀರಿನಲ್ಲೂ ನೆರಳು ಕೂಡುತ್ತದೆ. ಬಯಲಿನ ಕಲ್ಲಾದರೆ ಬೆಳಗಿನ ಎಳೆಬಿಸಿಲಿಗೋ ಸಂಜೆಗೋ ಹೋಗಿ. ಗುಡಿಯ ಒಳಗಾದರೆ ಹತ್ತೋ ಹದಿನೈದೋ ಇಂಚು ಪಕ್ಕದಲ್ಲಿ ಬ್ಯಾಟರಿ ದೀಪವನ್ನು ಗೋಡೆಗೆ ತಾಗಿಸಿದ ಹಾಗೆ ಹಿಡಿಯಿರಿ. ಕ್ಯಾಮೆರಾವನ್ನು ಕಲ್ಲಿಗೆ ನೇರ ಎದುರಿಗೆ ಒಂದು ಇಟ್ಟಿಗೆಯ ಮೇಲೆ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆದುಬಿಡಿ. ಬೆಳಕನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ ಕೊಟ್ಟು ಮೂರು ಚಿತ್ರ. ಎಡದಿಂದ ಕಾಣದ ಕೊಂಬು ಮೇಲಿನಿಂದ ಕಾಣುತ್ತದೆ. ಪಕ್ಕದಲ್ಲಿ ಶಾಲೆಯ ಅಡಿಪಟ್ಟಿ ಒಂದನ್ನು ಇಡಲು ಮರೆಯಬೇಡಿ, ಅಳತೆ ತಿಳಿಯಬೇಕಲ್ಲ. ಕಲ್ಲಿಗೆ ಸುಣ್ಣ, ಚಾಕ್‌ಪೀಸು ಸವರಬೇಡಿ.

ಸೆನ್ಸರ್ ಚಿಕ್ಕದಾಗಿರುವುದು ಇಲ್ಲಿ ಲಾಭಕ್ಕೇ ಬರುತ್ತದೆ. ಎಫ್ 4ರಲ್ಲಿಟ್ಟರೂ ಉಬ್ಬುತಗ್ಗಿನ ಕಲ್ಲು ಪೂರ್ತಿ ಸ್ಪಷ್ಟ ಬರುತ್ತದೆ. ದೊಡ್ಡ ಕ್ಯಾಮೆರಾದಲ್ಲಿ ಅಷ್ಟೇ ಸ್ಪಷ್ಟತೆಗೆ ಎಫ್ 7, 8ರವರೆಗೆ ಕಣ್ಣು ಕಿರಿದು ಮಾಡಬೇಕು, ಕತ್ತಲಲ್ಲಿ ಅಷ್ಟು ಬೆಳಕು ಎಲ್ಲಿಂದ ತರುವುದು? ಖರೋಸಾದ ಗುಹೆಗಳಲ್ಲಿ, ನಿಲಂಗಾದ ನೀಲಕಂಠೇಶ್ವರ ಗುಡಿಯೊಳಗೆ ಇದನ್ನು ಚೆನ್ನಾಗಿ ಕಂಡುಕೊಂಡಿದ್ದೇವೆ.

ಒಮ್ಮೆ ಉಮರ್ಗಾ ಕಡೆಯ ಒಂದು ಊರಿಗೆ ಮದುವೆಗೆ ಹೋಗಿದ್ದೆವು. ಶಾಸನ ಹುಡುಕಲು ಅಲ್ಲ, ಊಟಕ್ಕೆ. ಪಂಕ್ತಿಗೆ ಇನ್ನೂ ಹೊತ್ತಿತ್ತು, ಹನುಮಪ್ಪನ ಗುಡಿಯ ಕಟ್ಟೆಗೆ ಕುಳಿತರೆ ಬೆನ್ನಿಗೆ ಚುಚ್ಚಿದ್ದು ಅಕ್ಷರ! ತಿರುಗಿ ನೋಡಿದರೆ ಹನ್ನೊಂದು ಸಾಲು, ಮೇಲೆ ಸೂರ್ಯ ಚಂದ್ರ, ಹಸು ಕರು. ಬಗಲ ಚೀಲದಲ್ಲಿ ಆಹೇರಿನ ಟವೆಲ್ಲಿನ ಜೊತೆ ಕ್ಯಾಮೆರಾ ಇತ್ತು. ಮದುವೆಗೆ ಬಂದ ಹುಡುಗನೊಬ್ಬ ಮೊಬೈಲಿನ ದೀಪ ಹಿಡಿದ. ಇಪ್ಪತ್ತು ನಿಮಿಷದ ಕೆಲಸ. ಯಾರೂ ಮೋಜಣಿ ಅನ್ನಲಿಲ್ಲ, ಬೀಗರ ಪೈಕಿ ಯಾರೋ ಫೋಟೋ ಹುಚ್ಚಿನವರು ಅಂದುಕೊಂಡಿರಬೇಕು. ಮೂರು ವರ್ಷದ ನಂತರ ಮತ್ತೆ ಹೋದಾಗ ಗುಡಿ ಹೊಸದಾಗಿತ್ತು. ಕಟ್ಟೆ ಏರಿಸಿದ್ದರು. ಕಾಣುತ್ತಿದ್ದದ್ದು ಮೇಲಿನ ನಾಲ್ಕು ಸಾಲು, ಅದೂ ಹಸಿರು ಪೇಂಟಿನ ಕೆಳಗೆ. ಉಳಿದ ಏಳು ಸಾಲು ಸಿಮೆಂಟಿನ ಒಳಗೆ. ಊರಿನವರ ಮೇಲೆ ನಮಗೆ ಸಿಟ್ಟಿಲ್ಲ, ಭಕ್ತಿಯಿಂದಲೇ ಮಾಡಿದ್ದಾರೆ. ಆ ಏಳು ಸಾಲು ಓದಬೇಕೆಂದರೆ ಮಾತ್ರ ಈಗ ನಮ್ಮ ಆ ಮೂರು ಚಿತ್ರಗಳನ್ನೇ ನೋಡಬೇಕು. ಒಂದು ಪ್ರತಿಯನ್ನು ಶಾಸನ ಬಲ್ಲವರಿಗೆ ಕೊಟ್ಟಿದ್ದೇವೆ. ಪಡಿಯಚ್ಚು ತೆಗೆಯುವವರು ಒದ್ದೆ ಕಾಗದ, ಬ್ರಷ್ಷು, ಮಸಿ ಹಿಡಿದು ಬಂದಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು, ಅದು ಖರೆ. ಆದರೆ ಅವರನ್ನು ಯಾರೂ ಆ ಮದುವೆಗೆ ಕರೆದಿರಲಿಲ್ಲ :)

ಇದರ ಕೊರತೆಗಳನ್ನೂ ಹೇಳಿಬಿಡಬೇಕು. ಕಣ್ಣಿಡುವ ಕಿಂಡಿ ಇಲ್ಲ. ಧರಣದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಪರದೆ ಏನೂ ಕಾಣದು. ಹಳೆಯ ಸ್ಟುಡಿಯೋದವರ ಹಾಗೆ ತಲೆ ಮೇಲೆ ಟವೆಲ್ ಹೊದ್ದುಕೊಂಡು ನೋಡುತ್ತೇವೆ, ಮಕ್ಕಳಿಗೆ ಅದೊಂದು ಮೋಜು. ಹಕ್ಕಿಗಳ ಆಸೆ ಇದ್ದರೆ ಇದನ್ನು ತಗೋಬೇಡಿ. ಹಿನ್ನೀರಿನ ಬೆಳ್ಳಕ್ಕಿ, ನೀರುಕಾಗೆ ಇದರಲ್ಲಿ ಚುಕ್ಕಿಯಾಗಿ ಬರುತ್ತವೆ. ಆ 1500ಡಿಗೆ 55-250 ಹಾಕಿದರೆ ಇದರ ನಾಲ್ಕು ಪಟ್ಟು ಹತ್ತಿರ ಎಳೆಯುತ್ತದೆ, ಅಲ್ಲಿ ಅದೇ ದೊಡ್ಡಣ್ಣ. ಕಬಡ್ಡಿ ಪಂದ್ಯದ ಸಂಜೆಯಲ್ಲೂ ಹಾಗೇ. ಬ್ಯಾಟರಿ ಒಂದಕ್ಕೆ ಮುನ್ನೂರು ಚಿತ್ರ. ಆದರೆ ಮೊಬೈಲಿನ ಹಳೆಯ ಕೇಬಲ್ಲಿನಲ್ಲೇ ಚಾರ್ಜ್ ಆಗುತ್ತದೆ, ಕರೆಂಟು ಹೋದರೆ ಪವರ್ ಬ್ಯಾಂಕ್ ಸಾಕು.

ಮುದುಕಿಯರ ಮಾತು ಹೇಳಿದೆವಲ್ಲ. ಈಗ ಅವರು ಕಾಲ ಬೆರಳು ನೋಡುವುದಿಲ್ಲ. ರೊಟ್ಟಿ ಬಡಿಯುತ್ತ, ಕೌದಿ ಹೊಲಿಯುತ್ತ ನಮ್ಮ ಜೊತೆ ಮಾತಾಡುತ್ತಿರುತ್ತಾರೆ, ನಾವು ಎದೆಯ ಮಟ್ಟದಲ್ಲಿ ಹಿಡಿದು ಒತ್ತುತ್ತೇವೆ. ಕೇಳದೆ ತೆಗೆಯುವುದಿಲ್ಲ. ಕೇಳಿ, ಅವರು ಮರೆತ ಮೇಲೆ ತೆಗೆಯುತ್ತೇವೆ. ಮನೆಯೊಳಗೆ ಕತ್ತಲಿದ್ದರೆ ಚಿಕ್ಕ ಫ್ಲ್ಯಾಶನ್ನು ಬೆರಳಿಂದ ಹಿಂದಕ್ಕೆ ಒತ್ತಿದರೆ ಬೆಳಕು ಸೂರಿಗೆ ತಾಗಿ ಮೆತ್ತಗೆ ಇಳಿಯುತ್ತದೆ. ಉಮರ್ಗಾಕ್ಕೆ ಹೋದಾಗ ಪ್ರಿಂಟು ಹಾಕಿಸಿ ತಂದುಕೊಡುತ್ತೇವೆ. ಮೊಬೈಲಿಗೆ ಕಳಿಸಿದ್ದು ಅವರಿಗೆ ಲೆಕ್ಕಕ್ಕಿಲ್ಲ, ಗೋಡೆಗೆ ಹಾಕುವ ಹಾಗಿರಬೇಕು. ಸಾಸ್ತೂರ ಕಡೆಯ ಒಬ್ಬ ಅಜ್ಜಿ ಎರಡು ಪ್ರತಿ ಕೇಳಿದಳು. ಒಂದು ಗೋಡೆಗೆ, ಇನ್ನೊಂದು ಬೀದರಿನಲ್ಲಿರುವ ಮಗಳ ಮನೆಗೆ. "ಒಂದೇ ಮನ್ಯಾಗ ಎರಡೂ ಇಡಬಾರದಪ್ಪ" ಅಂದಳು.

ಇನ್ನೊಂದು ಮಾತು ಬಿಟ್ಟಿತ್ತು. ನಮ್ಮ ಎರೆ ಭೂಮಿಯ ಧೂಳು ಬಲು ನುಣುಪು. ಒಳಗೆ ಹೊರಗೆ ಸರಿಯುವ ಲೆನ್ಸಿನ ಸಂದಿಯಲ್ಲಿ ಹೊಕ್ಕರೆ ಕಿತ್ತು ಒರೆಸಲು ಬರುವುದಿಲ್ಲ. ಗಾಳಿ ಎದ್ದಾಗ ಕ್ಯಾಮೆರಾ ಬಂದ್ ಮಾಡಿ. ಚೀಲದೊಳಗೆ ಜಿಪ್ ಇರುವ ಪ್ಲಾಸ್ಟಿಕ್ ಕವರು, ಒರೆಸಲು ಹಳೆಯ ಧೋತರದ ತುಂಡು. ನಾವು ಇಡುವುದು ಇಷ್ಟೇ.