ಐದು ನಕ್ಷತ್ರ, ಒಂದು ಉಸಿರು

ಬ್ರಿಟನ್ನಿನ ‘ವಾಟ್ ಹೈ-ಫೈ’ ಪತ್ರಿಕೆ ಧ್ವನಿ ಉಪಕರಣಗಳಿಗೆ ಐದರವರೆಗೆ ನಕ್ಷತ್ರಗಳನ್ನು ಹಂಚುತ್ತದೆ. ಅಮೆರಿಕದ ‘ಸ್ಟೀರಿಯೊಫೈಲ್’ ಎ, ಬಿ, ಸಿ ಎಂದು ದರ್ಜೆ ಕಟ್ಟುತ್ತದೆ. ಕೇಂದ್ರ ಸರ್ಕಾರದ ನೌಕರನಿಗೆ ದರ್ಜೆಗಳೇನೂ ಹೊಸತಲ್ಲ. ಆದರೆ ಕಿವಿಯೊಳಗೆ ಇಳಿಯುವ ಇಯರ್‌ಫೋನಿನ ಮಟ್ಟಿಗೆ ಈ ತೀರ್ಪುಗಳನ್ನು ನಾನು ಅರ್ಧವಷ್ಟೇ ನಂಬುತ್ತೇನೆ. ಸಿಲಿಕೋನ್ ತುದಿ ಕರ್ಣನಾಳದಲ್ಲಿ ಬಿಗಿಯಾಗಿ ಕೂರದಿದ್ದರೆ ಮಂದ್ರವೆಲ್ಲ ಸೋರಿಹೋಗುತ್ತದೆ, ಬೆಲೆ ಅರ್ಧ ಲಕ್ಷವಾದರೂ. ವಿಮರ್ಶಕ ಬರೆಯುವುದು ತನ್ನ ಕಿವಿಯ ಸಂಗತಿ. ನಲವತ್ತು ದಾಟಿದ ನನ್ನ ಕಿವಿಗೆ ತಾರದ ತುತ್ತತುದಿ ಆಗಲೇ ಮಸುಕು.

ಇಂದಿರಾಪುರಂನಿಂದ ವೈಶಾಲಿಗೆ ಆಟೊ, ಅಲ್ಲಿಂದ ನೀಲಿ ಮಾರ್ಗದ ಮೆಟ್ರೊ. ದಾರಿಯುದ್ದಕ್ಕೂ ಕನ್ನಡದ ಒಂದು ಪದವೂ ಕಿವಿಗೆ ಬೀಳದ ಆ ಗದ್ದಲದಲ್ಲಿ ನಾನು ಕೇಳುವುದು ಧಾರವಾಡದ ಮಲ್ಲಿಕಾರ್ಜುನ ಮನಸೂರರನ್ನು. ಈ ಬಗೆಯ ಇಯರ್‌ಫೋನುಗಳಲ್ಲಿ ಹಿರಿಯದಾದ ಎಟಿಮೋಟಿಕ್ ಇಆರ್-4 ಬಂದದ್ದು 1991ರಲ್ಲಿ. ಮನಸೂರರು ತೀರಿಕೊಂಡದ್ದು ಮರುವರ್ಷ. ಪತ್ರಿಕೆಗಳು ಕೊಂಡಾಡುವ ವಿಶಾಲ ಧ್ವನಿರಂಗವಾಗಲಿ ಗುಡುಗುವ ಬಾಸ್ ಆಗಲಿ ಅವರ ಹಳೆಯ ಮುದ್ರಣಗಳಲ್ಲಿ ಇಲ್ಲ. ಇರುವುದು ತಂಬೂರಿಯ ಜೀವಾಳದ ಝೇಂಕಾರ, ತಾನಗಳ ನಡುವೆ ಕದ್ದು ಎಳೆದುಕೊಂಡ ಉಸಿರು. ರೈಲು ಯಮುನೆಯ ಸೇತುವೆ ದಾಟುವಾಗಲೂ ಆ ಉಸಿರು ಕೇಳಿಸಬೇಕು. ನನ್ನ ಪರೀಕ್ಷೆ ಅಷ್ಟೇ. ಎರಡು ಸಾವಿರ ರೂಪಾಯಿಯ ಜೋಡಿಯೊಂದು ಅದರಲ್ಲಿ ತೇರ್ಗಡೆಯಾಗಿ ಮೂರು ವರ್ಷವಾಯಿತು.