ನನಗೆ ಸಿಗದ ಖೋ

ನವೋದಯದಲ್ಲಿ ಓದಿದ ಇಬ್ಬರು ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಸಿಕ್ಕರೆ, ಊರು ಕೇಳೋಕೆ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ನಿಂದು ಯಾವ ಹೌಸು?" ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಎಲ್ಲಾ ಬೆಟ್ಟಗಳ ಹೆಸರೇ. ನಂದು ನೀಲಗಿರಿ, ಹಸಿರು ಟೀ ಶರ್ಟು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಬಂದ ಶಾಲೆಗಳಿವು. ಐದನೇ ಕ್ಲಾಸಿನಲ್ಲಿರುವಾಗ ಪರೀಕ್ಷೆ ಬರೆದು ಆಯ್ಕೆಯಾದರೆ, ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ ಊಟ, ಪಾಠ, ನಿದ್ದೆ ಎಲ್ಲಾ ಅಲ್ಲೇ. ಶೇ. 75ರಷ್ಟಾದರೂ ಸೀಟು ಹಳ್ಳಿ ಮಕ್ಕಳಿಗೆ. ಸೇರಿದ ಮೇಲೆ ಯಾವುದಾದರೂ ಒಂದು ಹೌಸಿಗೆ ಹಾಕುತ್ತಾರೆ. ಪಕ್ಕದ ಮಂಚದಲ್ಲಿ ಯಾರು ಮಲಗಬೇಕು ಅಂತ ನಾವು ಹೇಳುವಂತಿಲ್ಲ.

ಹೌಸು ಹೌಸುಗಳ ನಡುವೆ ವರ್ಷವಿಡೀ ಪೈಪೋಟಿ. ಕಬಡ್ಡಿ, ವಾಲಿಬಾಲ್, ಖೋ ಖೋ, ಆಮೇಲೆ ಸಮೂಹ ಗಾನ, ಜಾನಪದ ಗೀತೆ. ಮೆಸ್ ಹತ್ತಿರದ ಬೋರ್ಡಿನಲ್ಲಿ ಪಾಯಿಂಟು ಬರೆಯುತ್ತಿದ್ದರು. ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಎಲ್ಲರ ಕಣ್ಣೂ ಅದರ ಮೇಲೇ.

ನಾನು ಹನ್ನೊಂದನೇ ಕ್ಲಾಸಿನಲ್ಲಿ ಹೌಸ್ ಕ್ಯಾಪ್ಟನ್ ಆದೆ. ಅದೇ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ನಮ್ಮ ಖೋ ಖೋ ಟೀಮಿಗೆ ಬಂದ. ನಮ್ಮೂರಿನವನೇ. ನಮ್ಮ ಮನೆ ಊರೊಳಗೆ, ಅವರದು ಕೇರಿಯಲ್ಲಿ. ಊರಲ್ಲಿದ್ದಷ್ಟು ದಿನ ನಾನು ಅವರ ಮನೆ ಬಾಗಿಲು ನೋಡಿರಲಿಲ್ಲ, ಅವನು ನಮ್ಮ ಜಗಲಿ ಹತ್ತಿರಲಿಲ್ಲ. ಇಲ್ಲಿ ನನ್ನ ಮಂಚದಿಂದ ಅವನ ಮಂಚಕ್ಕೆ ಎರಡೇ ಟ್ರಂಕಿನ ದೂರ.

ಖೋ ಖೋ ಆಡಿದವರಿಗೆ ಗೊತ್ತು. ಎಂಟು ಜನ ಸಾಲಾಗಿ ಕೂರಬೇಕು, ಒಬ್ಬನ ಮುಖ ಈ ಕಡೆ, ಪಕ್ಕದವನ ಮುಖ ಆ ಕಡೆ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗಬೇಕು. ಅವನು ಸಾಲಿನ ನಡುವೆ ನುಗ್ಗುವಂತಿಲ್ಲ, ಬಂದ ದಿಕ್ಕಿಗೆ ವಾಪಸ್ ತಿರುಗುವಂತಿಲ್ಲ. ಎದುರಾಳಿ ಆಚೆ ನುಸುಳಿದರೆ, ಕೂತವನ ಬೆನ್ನು ಮುಟ್ಟಿ "ಖೋ" ಅಂತ ಕೂಗಬೇಕು. ಕೂತವನು ಎದ್ದು ಓಡುತ್ತಾನೆ, ಮುಟ್ಟಿದವನು ಅವನ ಜಾಗದಲ್ಲಿ ಕೂರುತ್ತಾನೆ. ಮುಟ್ಟದೆ ಬರೀ ಕೂಗಿದರೆ ಫೌಲು.

ಅವನ ಖೋ ಬೆನ್ನಿಗೆ ಬಿದ್ದರೆ ಚುರ್ ಅನ್ನುತ್ತಿತ್ತು. ಕೈ ಅಷ್ಟು ಗಟ್ಟಿ. ಆ ಕೈ ಯಾಕೆ ಅಷ್ಟು ಗಟ್ಟಿ ಅಂತ ಒಂದು ರಾತ್ರಿ ಗೊತ್ತಾಯಿತು.

ಶಾಲೆಯಲ್ಲಿ ಸಂಗೀತ ಸಂಜೆ ಹತ್ತಿರವಿತ್ತು. ನಮ್ಮ ಜಾನಪದ ಗೀತೆಗೆ ತಾಳವೇ ಸರಿಯಾಗಿ ಕೂರುತ್ತಿರಲಿಲ್ಲ. ಢೋಲಕ್ ಚೆನ್ನಾಗಿ ಬಾರಿಸುವ ಹುಡುಗ ಶಿವಾಲಿಕ್‌ನಲ್ಲಿದ್ದ. ರಾತ್ರಿ ಓದು ಮುಗಿದ ಮೇಲೆ ನಾವು ಡಾರ್ಮಿಟರಿಯಲ್ಲಿ ಹಾಡು ಕಲಿಯುತ್ತಿದ್ದೆವು. ಇವನು ಒಂದು ಮೂಲೆಯಲ್ಲಿ ಕೂತು ಟ್ರಂಕಿನ ಮುಚ್ಚಳದ ಮೇಲೆ ಬೆರಳಾಡಿಸಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಹಾಡುತ್ತಿದ್ದವರು ಹಾಡು ಬಿಟ್ಟು ಕುಣಿಯೋಕೆ ಶುರು ಮಾಡಿದರು. ಹೌಸ್ ಮಾಸ್ಟರ್ ಬಂದು ಬೈದು ಹೋಗುವವರೆಗೂ ನಿಲ್ಲಲಿಲ್ಲ.

"ಎಲ್ಲಿ ಕಲಿತ್ಯೋ ಇದ್ನ?" ಅಂತ ಒಬ್ಬ ಕೇಳಿದ.

ಅವನು ಬಾಯಿ ತೆರೆಯುವ ಮೊದಲೇ ನಾನು ನಗುತ್ತಾ ಹೇಳಿದೆ: "ಕಲಿಯೋದೇನ್ ಬಂತು? ಅವರಪ್ಪ ನಮ್ಮೂರಲ್ಲಿ ಸಾವಿಗೆ ತಮಟೆ ಬಡಿಯೋದು."

ಇಬ್ಬರು ನಕ್ಕರು. ಉಳಿದವರು ಸುಮ್ಮನಾದರು. ಅವನು ಟ್ರಂಕಿನ ಮೇಲಿಂದ ಕೈ ತೆಗೆದು, ಹೊದಿಕೆ ಎಳೆದುಕೊಂಡು ಮಲಗಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮೂರಲ್ಲಿ ದಿನಾ ಆಡುವ ಮಾತಲ್ಲವಾ ಅಂದುಕೊಂಡೆ.

ಎರಡು ದಿನ ಬಿಟ್ಟು ಖೋ ಖೋ ಫೈನಲ್. ಎದುರು ಅರಾವಳಿ. ನಾನು ಸಾಲಿನ ನಡುವೆ ಕೂತಿದ್ದೆ. ಅವನು ಎಷ್ಟೋ ಸಲ ಎದ್ದು ಅಟ್ಟಿದ. ಎರಡು ಮೂರು ಸಲ ನನ್ನ ಬೆನ್ನು ಅವನ ಕಡೆಗೇ ಇತ್ತು, ಎದುರಾಳಿ ನನ್ನ ಮುಂದೆಯೇ ಇದ್ದ. ನಾನು ಕಾಲ ಬೆರಳೂರಿ ಸಿದ್ಧನಾಗಿ ಕೂತಿದ್ದೆ. ಅವನ ಉಸಿರು ಹಿಂದೆ ಕೇಳುತ್ತಿತ್ತು. ಆದರೆ ಖೋ ಬರಲಿಲ್ಲ. ನನ್ನನ್ನು ದಾಟಿ ಹೋಗಿ ಮುಂದಿನವನಿಗೆ ಕೊಟ್ಟ. ಇಡೀ ಆಟದಲ್ಲಿ ಅವನು ನನ್ನ ಬೆನ್ನು ಒಂದು ಸಲವೂ ಮುಟ್ಟಲಿಲ್ಲ.

ಆದರೂ ನಾವೇ ಗೆದ್ದೆವು. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ. ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ನನಗೆ ಮಾತ್ರ ಬೆನ್ನು ಖಾಲಿ ಖಾಲಿ ಅನಿಸುತ್ತಿತ್ತು. ಯಾರೋ ಮುಟ್ಟಬೇಕಿತ್ತು, ಬೇಕಂತಲೇ ಮುಟ್ಟಲಿಲ್ಲ. ಆ ಸಂಕಟ ನನಗೆ ಅದೇ ಮೊದಲು. ಅವನಿಗೂ ಅವರಪ್ಪನಿಗೂ ಅದು ಎಷ್ಟನೇ ಸಲವೋ ಅಂತ ಯೋಚಿಸಿದಾಗ ನಿದ್ದೆ ಬರಲಿಲ್ಲ.

ರಾತ್ರಿ ಅವನ ಮಂಚದ ಹತ್ತಿರ ಹೋದೆ. ತಪ್ಪಾಯ್ತು ಅನ್ನಬೇಕು ಅಂತ ಹೋದವನು, "ಸಂಗೀತ ಸಂಜೆಗೆ ನೀನು ಬಾರಿಸ್ತೀಯಾ?" ಅಂದೆ.

"ಏನಂತ ಬಾರಿಸ್ಲಿ ಅಣ್ಣಾ? ಸಾವಿಗೋ, ಹಾಡಿಗೋ?"

ನಾನು ನೆಲ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಾದ ಮೇಲೆ, "ತಪ್ಪಾಯ್ತು ಕಣೋ" ಅಂದೆ. ಅವನು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಅಂದ: "ಢೋಲಕ್ ನನಗೆ ಬರಲ್ಲ. ಮನೆಯಿಂದ ತಮಟೆನೇ ತರಿಸ್ತೀನಿ. ಆದ್ರೆ ಅದನ್ನ ಎತ್ಕೊಂಡು ಬರೋದು, ಕಾಯಿಸೋದು ಎಲ್ಲಾ ನೀವೂ ಮಾಡಬೇಕು."

ಹೌಸ್ ಮಾಸ್ಟರ್ ಫೋನಿನಿಂದ ಊರಿಗೆ ಸುದ್ದಿ ಹೋಯಿತು. ತಂದೆ ತಾಯಿ ಮಕ್ಕಳನ್ನು ನೋಡಲು ಬರುವ ಭಾನುವಾರ, ಊರಿನಿಂದ ಒಂದೇ ಬಸ್ಸಿನಲ್ಲಿ ನಮ್ಮಪ್ಪನೂ ಬಂದರು, ಅವರಪ್ಪನೂ ಬಂದರು. ಅವರ ಕಂಕುಳಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ತಮಟೆ. ನಾನು ಗೇಟಿನ ಹತ್ತಿರ ಹೋಗಿ ಕೈ ಚಾಚಿದೆ.

"ಬ್ಯಾಡ ಬುದ್ಧಿ, ನಾನೇ ಎತ್ಕತೀನಿ" ಅಂದರು. ನನ್ನಪ್ಪನ ವಯಸ್ಸಿನವರು, ನನಗೆ ಬುದ್ಧಿ ಅನ್ನುತ್ತಿದ್ದರು. ಮಗ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ನಮ್ಮಪ್ಪ ನಾಲ್ಕು ಹೆಜ್ಜೆ ಹಿಂದೆ. ನಾನು ತಮಟೆ ಇಸಿದುಕೊಂಡು ಹೆಗಲಿಗೆ ಹಾಕಿಕೊಂಡೆ.

ಮರದ ಕೆಳಗೆ ಅಮ್ಮ ಕಳಿಸಿದ್ದ ಬುತ್ತಿ ಬಿಚ್ಚುತ್ತಾ ಅಪ್ಪ ಮೆಲ್ಲಗೆ ಕೇಳಿದರು: "ಅದನ್ನ ನೀನ್ಯಾಕೆ ಎತ್ಕೊಂಡೆ?"

"ಹೌಸಿಂದು ಅಪ್ಪಾ" ಅಂದೆ.

ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅಪ್ಪನ ಎದುರು ಅಷ್ಟು ಹೇಳುವ ಧೈರ್ಯವೇ ನನಗೆ ಆಗ ಇದ್ದದ್ದು. ಅಪ್ಪ ಮತ್ತೆ ಕೇಳಲಿಲ್ಲ. ಹೋಗುವಾಗ ಎಂದಿನಂತೆ ತಲೆ ಸವರಲೂ ಇಲ್ಲ.

ಸಂಗೀತ ಸಂಜೆಯ ದಿನ ಮೆಸ್ ಹಿಂದೆ ಒಣ ಗರಿ ಗುಡ್ಡೆ ಹಾಕಿ ಬೆಂಕಿ ಮಾಡಿದೆವು. ತಮಟೆಯ ಚರ್ಮ ತಂಪಿಗೆ ಸಡಿಲವಾಗಿರುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ಎಷ್ಟು ದೂರ ಹಿಡಿಯಬೇಕು, ಯಾವಾಗ ತಿರುಗಿಸಬೇಕು ಅಂತ ಅವನು ಹೇಳಿಕೊಟ್ಟ. ತೀರಾ ಹತ್ತಿರ ಹಿಡಿದರೆ ಚರ್ಮ ಹಾಳು. ಬೆರಳಿನಿಂದ ತಟ್ಟಿ, ಕಿವಿ ಕೊಟ್ಟು, "ಇನ್ನೂ ಆಗಿಲ್ಲ ಅಣ್ಣಾ" ಅನ್ನುತ್ತಿದ್ದ. ಆವತ್ತು ಅವನೇ ಕ್ಯಾಪ್ಟನ್.

ವೇದಿಕೆ ಮೇಲೆ ಅವನ ಎರಡು ಕೋಲು ಬಿದ್ದ ತಕ್ಷಣ ಆರನೇ ಕ್ಲಾಸಿನ ಮಕ್ಕಳು ಎದ್ದು ನಿಂತರು. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಹಿಂದಿ ರಾಜ್ಯದಿಂದ ಒಂದು ವರ್ಷಕ್ಕೆ ಬಂದಿದ್ದ ಹುಡುಗರಿಗೆ ಹಾಡಿನ ಒಂದು ಪದವೂ ಅರ್ಥವಾಗುತ್ತಿರಲಿಲ್ಲ, ಅವರೂ ಕುಣಿದರು. ನಮಗೆ ಬಂದದ್ದು ಎರಡನೇ ಸ್ಥಾನ. ತಮಟೆ ಸದ್ದಿಗೆ ಹಾಡು ಕೇಳಲಿಲ್ಲ ಅಂದರು ತೀರ್ಪುಗಾರರು. ಅದೂ ನಿಜವೇ, ನಮ್ಮ ಹಾಡು ಕೇಳದಿದ್ದದ್ದೇ ಒಳ್ಳೆಯದಾಯಿತು ಅಂತ ಆಮೇಲೆ ನಗಾಡಿದೆವು.

ಮಾರನೇ ವಾರ ಮೈದಾನದಲ್ಲಿ ಸುಮ್ಮನೆ ಆಡುತ್ತಿದ್ದಾಗ ಬೆನ್ನಿಗೆ ಚುರ್ ಅಂತ ಒಂದು ಏಟು ಬಿತ್ತು. "ಖೋ!" ನಾನು ಎದ್ದು ಓಡಿದೆ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ನಾನೇ ಅವನಿಗೆ ಮೊದಲು ಫೋನ್ ಮಾಡಿದೆ. ಇದನ್ನು ಬರೆಯುವ ಮುಂಚೆಯೂ ಮಾಡಿದೆ. ಹೆಸರು ಹಾಕಬೇಡ, ಉಳಿದದ್ದು ಬರಿ ಅಂದ. ನಮ್ಮೂರಲ್ಲಿ ಈಗಲೂ ಜಾತ್ರೆಯಲ್ಲಿ ತಮಟೆ ಮುಂದೆ ಹೋಗುತ್ತದೆ, ದೇವಸ್ಥಾನದ ಬಾಗಿಲು ಬಂದ ಕೂಡಲೇ ಬಾರಿಸುವವರು ಹೊರಗೆ ನಿಲ್ಲುತ್ತಾರೆ. ಅದನ್ನೂ ಬರೆಯಲಾ ಅಂತ ಕೇಳಿದೆ.

"ಬರಿ. ಆದ್ರೆ ಇದನ್ನೂ ಬರಿ ಅಣ್ಣಾ. ನಾವು ಸಾವಿಗೂ ಬಾರಿಸ್ತೀವಿ, ಅದ್ರಲ್ಲಿ ಅವಮಾನ ಏನಿಲ್ಲ. ಸತ್ತೋರನ್ನ ಮರ್ಯಾದೆಯಿಂದ ಕಳಿಸೋ ಕೆಲಸ ಅದು. ಬಾರಿಸಿದ ಮೇಲೆ ಕೂಲಿ ಕೇಳಿದ್ರೆ ನಾಳೆ ಬಾ ಅಂತಾರಲ್ಲ, ಅದು ಅವಮಾನ."

ಅವನು ಹೇಳಿದ ಹಾಗೇ ಬರೆದಿದ್ದೇನೆ.