ಇಪ್ಪತ್ತು ಅಡಿ ಮುಖದ ಮನೆಗಳು

ಜುಲೈ ತಿಂಗಳ ಕ್ಯೋಟೊದಲ್ಲಿ ಬೆಳಗಿನ ಎಂಟು ಗಂಟೆಗೇ ಬೆವರು ಇಳಿಯುತ್ತದೆ. ಮೂರು ಕಡೆ ಬೆಟ್ಟ, ನಡುವಿನ ತಗ್ಗಿನಲ್ಲಿ ಊರು. ಎಲೆ ಅಲ್ಲಾಡದಷ್ಟು ಗಾಳಿಯ ಬರ. ಅಂಥ ಹೊತ್ತಿನಲ್ಲಿ ಶಿನ್‌ಮಾಚಿ ಬೀದಿಯಲ್ಲಿ ನಡೆಯುತ್ತಾ ನಾನು ಮನೆಗಳ ಮುಖವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದೆ. ಹದಿನೆಂಟು ಅಡಿ, ಇಪ್ಪತ್ತು ಅಡಿ, ಅಲ್ಲೊಂದು ಇನ್ನೂ ಕಿರಿದು. ರಾಜಾಜಿನಗರದ ಟ್ವೆಂಟಿ ಥರ್ಟಿ ಸೈಟಿನ ಮುಖದಷ್ಟೇ ಅಗಲ. ಎರಡೂ ಪಕ್ಕದ ಗೋಡೆಗಳು ನೆರೆಮನೆಯ ಗೋಡೆಗೆ ಹತ್ತಿಕೊಂಡಿವೆ, ಬೀದಿಯ ಕಡೆಗೆ ಹೊಗೆಬಣ್ಣದ ಸಣ್ಣ ಮರದ ಸರಳುಗಳ ಜಾಲರಿ. ಆದರೆ ಹಿಂದಕ್ಕೆ ಕೆಲವು ಮನೆಗಳು ನೂರು ಅಡಿಯವರೆಗೂ ಚಾಚಿವೆ. ಹಿಂದಿನ ಕಾಲದಲ್ಲಿ ತೆರಿಗೆಯನ್ನು ಮನೆಯ ಮುಖದ ಅಗಲ ನೋಡಿ ಹಾಕುತ್ತಿದ್ದರು, ಅದಕ್ಕೇ ಹೀಗೆ ಎಂದು ಊರಿನವರು ಹೇಳುತ್ತಾರೆ.

ಇವುಗಳಿಗೆ ಮಾಚಿಯಾ ಎಂದು ಹೆಸರು. ಬೀದಿಬದಿಯ ವ್ಯಾಪಾರಿಗಳ, ಕುಶಲಕರ್ಮಿಗಳ ಮನೆಗಳು: ಮುಂದೆ ಅಂಗಡಿ, ಹಿಂದೆ ಸಂಸಾರ. ಕ್ಯೋಟೊ ನಗರಾಡಳಿತದ 2016ರ ಸಮೀಕ್ಷೆಯಲ್ಲಿ ಇಂಥವು ಸುಮಾರು 40,000 ಉಳಿದಿದ್ದವು. ವರ್ಷವರ್ಷವೂ ಒಂದಷ್ಟು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರೆ. ಆ ಕಥೆ ಬೆಂಗಳೂರಿನ ವಿಜಯನಗರದ ನಮಗೆ ಹೊಸದಲ್ಲ.

ಪಕ್ಕದ ಗೋಡೆಗಳಲ್ಲಿ ಕಿಟಕಿ ಇಡಲಾಗದ ಇಷ್ಟು ಉದ್ದದ ಮನೆಗೆ ಬೆಳಕು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ನಾನು ಬೆಂಗಳೂರಿನಿಂದಲೇ ಹೊತ್ತು ತಂದಿದ್ದೆ. ಬಸವೇಶ್ವರನಗರದಲ್ಲಿ ನನ್ನ ತಂಗಿ ಹಳೆ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದಳು. ನಮ್ಮ ಕಡೆಯ ಹೊಸ ಮನೆಗಳಲ್ಲಿ ನಡುಮಧ್ಯಾಹ್ನವೂ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುವುದು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೋಡಲು ಬಿಡುವ ಒಂದು ಮಾಚಿಯಾದ ಒಳಗೆ ಚಪ್ಪಲಿ ಬಿಟ್ಟು ಹತ್ತಿದೆವು. ಒಂದು ಪಕ್ಕದಲ್ಲಿ ಬೀದಿಯಿಂದ ಹಿತ್ತಲವರೆಗೆ ಮಣ್ಣುನೆಲದ ಓಣಿ. ಅದರಲ್ಲೇ ಅಡುಗೆ ಒಲೆ, ಬಾವಿ, ಮೇಲೆ ತೊಲೆಗಳು ಕಾಣುವಷ್ಟು ಎತ್ತರದ ಮಾಡು. ಓಣಿಯ ಪಕ್ಕಕ್ಕೆ ಕೋಣೆಗಳು ಒಂದರ ಹಿಂದೆ ಒಂದು. ಎರಡನೆಯ ಕೋಣೆ ದಾಟುತ್ತಿದ್ದಂತೆ ಕಣ್ಣಿಗೆ ತಟ್ಟನೆ ಬೆಳಕು ಹೊಡೆಯಿತು. ಆರಡಿ ಆರಡಿಯೂ ಇರದ ಒಂದು ಜಾಗಕ್ಕೆ ಮಾಡೇ ಇಲ್ಲ. ಅಲ್ಲೊಂದು ಕಲ್ಲಿನ ದೀಪಸ್ತಂಭ, ನೀರಿನ ಕಲ್ಲುಬಾನಿ, ಒಂದು ಜರಿಗಿಡ, ಪಾಚಿ. ಹೆಸರು ತ್ಸುಬೊನಿವಾ. ಮನೆಯ ಹಿಂಬದಿಗೆ ಇದಕ್ಕಿಂತ ದೊಡ್ಡದಾದ ಇನ್ನೊಂದು ತೋಟವಿತ್ತು.

ಮನೆ ತೋರಿಸುತ್ತಿದ್ದ ಹೆಂಗಸು ಒಂದು ಸೌಟಿನಿಂದ ಆ ಪುಟ್ಟ ತೋಟಕ್ಕೆ ನೀರು ಚಿಮುಕಿಸಿದರು. ಸ್ವಲ್ಪ ಹೊತ್ತಿಗೆ, ಬೀದಿಯಲ್ಲಿ ಎಲ್ಲೂ ಇರದಿದ್ದ ಗಾಳಿ ನಮ್ಮ ಕಾಲಿನ ಮೇಲೆ ಹಾದುಹೋಯಿತು. ಒದ್ದೆಯಾದ ಕಡೆ ತಂಪು, ಇನ್ನೊಂದು ಕಡೆ ಬಿಸಿ; ಆ ವ್ಯತ್ಯಾಸದಿಂದ ಎರಡು ತೋಟಗಳ ನಡುವೆ ಗಾಳಿ ಹರಿಯುತ್ತದೆ. ಮೂವತ್ತಾರು ಚದರಡಿಯೂ ಇರದ ಆಕಾಶವನ್ನು ಬಿಟ್ಟುಕೊಟ್ಟು ಇಡೀ ಮನೆ ಬೆಳಕನ್ನೂ ಗಾಳಿಯನ್ನೂ ಪಡೆದಿದೆ. ಈ ಪ್ರವಾಸದಲ್ಲಿ ನಾನು ಕಂಡ ದೊಡ್ಡ ವಿಸ್ಮಯ ಇದು. ದೇವಾಲಯಗಳ ಚಿನ್ನದ ಹೊದಿಕೆ ಇದರ ಮುಂದೆ ನನಗೆ ಚಿಕ್ಕದಾಗಿ ಕಂಡಿತು.

ಆ ಮನೆಯ ಬಾಗಿಲುಗಳ ಬಗ್ಗೆಯೂ ಹೇಳಬೇಕು. ಜಪಾನಿನ ಮನೆ ಎಂದರೆ ಬಿಳಿ ಕಾಗದದ ಸರಿಸುಬಾಗಿಲು ಎಂದು ಚಿತ್ರಗಳಲ್ಲಿ ನೋಡಿದ್ದೆ. ಇಲ್ಲಿ ಒಂದೂ ಇರಲಿಲ್ಲ. ಜೂನ್ ಬಂತೆಂದರೆ ಕಾಗದದ ಬಾಗಿಲುಗಳನ್ನೆಲ್ಲ ಕಳಚಿ ಉಗ್ರಾಣಕ್ಕೆ ಸೇರಿಸಿ, ಲಾಳದಕಡ್ಡಿಯಂಥ ಸಣ್ಣ ಜೊಂಡು ಹೆಣೆದ ಬಾಗಿಲುಗಳನ್ನು ಕೂರಿಸುತ್ತಾರೆ. ಹುಲ್ಲಿನ ತತಾಮಿ ಹಾಸಿನ ಮೇಲೆ ಕಾಲಿಗೆ ತಣ್ಣಗಿರುವ ಬೆತ್ತದ ಚಾಪೆ ಹಾಸುತ್ತಾರೆ. ಸೆಖೆ ಇಳಿದ ಮೇಲೆ ಎಲ್ಲ ಮತ್ತೆ ಮೊದಲಿನಂತೆ. ಬೆಂಕಿಯಲ್ಲಿ ಸುಟ್ಟುಹೋಗಿ 1870ರಲ್ಲಿ ಮತ್ತೆ ಕಟ್ಟಿದ, ಬಟ್ಟೆ ವ್ಯಾಪಾರಿಗಳಾದ ಸುಗಿಮೊಟೊ ಮನೆತನದ ದೊಡ್ಡ ಮನೆಯಲ್ಲೂ ಈ ಪದ್ಧತಿ ನಡೆದುಬಂದಿದೆ. ಋತುವಿಗೆ ತಕ್ಕಂತೆ ಅಡುಗೆ ಬದಲಿಸುವ ನಾವು ಕೋಣೆಯನ್ನು ಮಾತ್ರ ವರ್ಷವಿಡೀ ಒಂದೇ ಥರ ಇಟ್ಟುಕೊಳ್ಳುತ್ತೇವೆ. ಬೇಸಿಗೆಯಲ್ಲೂ ದಪ್ಪ ಸಿಂಥೆಟಿಕ್ ಪರದೆ, ಅದರ ಹಿಂದೆ ಏಸಿ.

ಜುಲೈನಲ್ಲಿ ಹೋದದ್ದಕ್ಕೆ ಇನ್ನೊಂದು ಲಾಭವಾಯಿತು. ಅದು ಗಿಯೋನ್ ಮತ್ಸುರಿ ಹಬ್ಬದ ತಿಂಗಳು. 17ರಂದು ನಡೆಯುವ ರಥಗಳ ಮೆರವಣಿಗೆಗೆ ಮುಂಚಿನ ಸಂಜೆಗಳಲ್ಲಿ ಶಿನ್‌ಮಾಚಿ, ಮುರೊಮಾಚಿ ಬೀದಿಗಳ ಹಳೆಯ ಮನೆತನಗಳು ಬೀದಿಗೆ ಹೊಂದಿಕೊಂಡ ಕೋಣೆಯ ಜಾಲರಿ ತೆಗೆದು, ತಲೆಮಾರುಗಳಿಂದ ಬಂದ ಮಡಿಸುವ ಚಿತ್ರಪರದೆಗಳನ್ನು ನಿಲ್ಲಿಸಿ ದೀಪ ಹಚ್ಚುತ್ತವೆ. ಬೀದಿಯ ಜನ ನಿಂತು ನೋಡುತ್ತಾರೆ. ನಮ್ಮಲ್ಲಿ ನವರಾತ್ರಿಗೆ ಬೊಂಬೆ ಕೂರಿಸಿದ ಮನೆಗೆ ನೆರೆಹೊರೆಯವರು ಹೋಗಿ ನೋಡಿಬರುವ ಸಡಗರವೇ ಅಲ್ಲೂ ಕಂಡಿತು.

ರಥಗಳ ಹತ್ತಿರ ಹೋದಾಗ ಮೈ ನವಿರೇಳಿತು. ಅವುಗಳ ಮೈಗೆ ಇಳಿಬಿಟ್ಟ ಹಳೆಯ ರತ್ನಗಂಬಳಿಗಳಲ್ಲಿ ಹಲವು ಭಾರತದವು, ಹದಿನೇಳು ಹದಿನೆಂಟನೆಯ ಶತಮಾನದವು. ಕೆಲವನ್ನು ವಿದ್ವಾಂಸರು ದಖನ್ನಿನ ನೆಯ್ಗೆ ಎಂದೇ ಗುರುತಿಸಿದ್ದಾರೆ. ಡಚ್ಚರ ಹಡಗುಗಳಲ್ಲಿ ಬಂದ ಆ ಗಂಬಳಿಗಳನ್ನು ಕ್ಯೋಟೊದ ವ್ಯಾಪಾರಿಗಳು ದೇವರ ರಥಕ್ಕೇ ಏರಿಸಿದರು. ನಮ್ಮ ನವಲಗುಂದದ ಜಮಖಾನವೂ ಅದೇ ದಖನ್ನಿನ ನೆಲದ್ದು. ಅದನ್ನು ಹಾಸಲು ನಮ್ಮ ಎಷ್ಟು ಡ್ರಾಯಿಂಗ್ ರೂಮುಗಳಲ್ಲಿ ಜಾಗವಿದೆ?

ಬೆಳ್ಳಿಮಂಟಪ ಎಂದು ಹೆಸರಾದ ಗಿಂಕಾಕು-ಜಿಗೆ ಎಲ್ಲ ಪ್ರವಾಸಿಗರಂತೆ ನಾನೂ ಹೋದೆ. ಆದರೆ ನನ್ನ ಕಣ್ಣು ಹುಡುಕಿದ್ದು ಪಕ್ಕದ ತೊಗುದೊ ಎಂಬ ಚಿಕ್ಕ ಕಟ್ಟಡವನ್ನು. ಶೋಗುನ್ ಪಟ್ಟ ಬಿಟ್ಟುಕೊಟ್ಟ ಅಶಿಕಾಗ ಯೋಶಿಮಾಸ 1486ರಲ್ಲಿ ಕಟ್ಟಿಸಿದ್ದು. ಅದರೊಳಗೆ ದೋಜಿನ್‌ಸಾಯಿ ಎಂಬ ಓದುಕೋಣೆ ಇದೆ. ಒಳಭಾಗವನ್ನು ವಸಂತ ಮತ್ತು ಶರತ್ಕಾಲದ ವಿಶೇಷ ದಿನಗಳಲ್ಲಿ ಮಾತ್ರ ತೋರಿಸುತ್ತಾರಾದ್ದರಿಂದ ಜುಲೈನಲ್ಲಿ ಬಂದವರಿಗೆ ಹೊರಗಿನ ನೋಟವೇ ಗತಿ. ಆದರೂ ಹೋಗಬೇಕು. ಆ ಕೋಣೆಯ ಅಳತೆ ನಾಲ್ಕೂವರೆ ತತಾಮಿ, ಅಂದರೆ ಹೆಚ್ಚುಕಡಿಮೆ ಒಂಬತ್ತೂವರೆ ಅಡಿ ಚೌಕ. ನಾವು 'ಟೆನ್ ಬೈ ಟೆನ್, ತುಂಬಾ ಚಿಕ್ಕದು' ಎಂದು ಮಕ್ಕಳಿಗೆ ಬಿಡುವ ಬೆಡ್‌ರೂಮಿಗಿಂತ ಒಂದು ಕೈ ಕಿರಿದು. ಒಂದು ದೇಶವನ್ನು ಆಳಿದವನು ತನಗಾಗಿ ಇಟ್ಟುಕೊಂಡದ್ದು ಅಷ್ಟು. ಕಿಟಕಿಗೆ ತಾಗಿ ಗೋಡೆಯಲ್ಲೇ ಸೇರಿಸಿದ ಬರೆಯುವ ಮಣೆ, ಪಕ್ಕದಲ್ಲಿ ಮೇಲೊಂದು ಕೆಳಗೊಂದು ಹಲಗೆಯ ಗೂಡು, ಮಿಕ್ಕದ್ದು ನೆಲ. ಮುಂದಿನ ಐನೂರು ವರ್ಷ ಜಪಾನಿನ ಕೋಣೆ ನಡೆದ ದಾರಿಗೆ ಈ ಬಗೆಯ ಕೋಣೆಗಳೇ ಮಾದರಿ. ಮಂಚ, ಸೋಫಾ, ಟೀಪಾಯಿ ಹೋದರೆ ಕೋಣೆ ಎಷ್ಟು ದೊಡ್ಡದಾಗುತ್ತದೆ ಎಂಬುದು ನಮಗೆ ತಿಳಿಯದ ವಿಷಯವೇನಲ್ಲ. ಚಾಪೆ ಬಿಚ್ಚಿ ಮಲಗಿ, ಬೆಳಗ್ಗೆ ಸುತ್ತಿಟ್ಟು, ಅದೇ ಜಾಗದಲ್ಲಿ ಎಲೆ ಹಾಕಿ ಊಟ ಬಡಿಸುತ್ತಿದ್ದ ವಠಾರದ ಮನೆಗಳಲ್ಲೇ ನಮ್ಮ ಹಿರಿಯರು ರಾಜಾಜಿನಗರದ ಸಂಸಾರ ಮಾಡಿದ್ದು.

ಇಷ್ಟಾದರೂ ಮಂಡಿನೋವಿನ ತಾಯಿಯನ್ನು ನೆಲದ ಮೇಲೆ ಕೂರಿಸಲಾಗುವುದಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಗೊಜೊಜಾಕಾದ ಗಲ್ಲಿಯಲ್ಲಿ. ಕುಂಬಾರ ಕಲಾವಿದ ಕವಾಯಿ ಕಂಜಿರೊ 1937ರಲ್ಲಿ ತಾನೇ ವಿನ್ಯಾಸ ಮಾಡಿ ಕಟ್ಟಿಸಿದ ಮನೆ ಈಗ ವಸ್ತುಸಂಗ್ರಹಾಲಯ. ಯಾನಗಿ ಸೊಯೆತ್ಸು, ಹಮಾದಾ ಶೋಜಿ ಅವರೊಡನೆ ಸೇರಿ ದಿನಬಳಕೆಯ ಸಾಮಾನುಗಳ ಚೆಲುವನ್ನು ಎತ್ತಿಹಿಡಿದ ಮಿಂಗೇ ಚಳವಳಿಯ ಹಿರಿಯ ಇವರು. ನಡುಮನೆಯಲ್ಲಿ ನೆಲಕ್ಕೆ ಇಳಿಸಿದ ಅಗ್ಗಿಷ್ಟಿಕೆ, ಸುತ್ತ ಹಲಗೆನೆಲ, ಅದರ ಮೇಲೆ ಮರದ ದಿಮ್ಮಿಯಿಂದ ಕೊರೆದ ಗಿಡ್ಡ ಪೀಠಗಳು. ಒಂದು ಮೆಟ್ಟಿಲು ಮೇಲೆ ತತಾಮಿಯ ಕೋಣೆ. ತತಾಮಿಯ ಮೇಲೆ ಕುಳಿತವರ ಕಣ್ಣೂ ಪೀಠದಲ್ಲಿ ಕುಳಿತವರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತವೆ. ಮಹಡಿಗೆ ಹೋಗುವ ಮೆಟ್ಟಿಲುಗಳ ಅಡಿಯೆಲ್ಲ ಸೆಳೆಖಾನೆ. ಬಿದಿರಿನ ಪೀಠೋಪಕರಣಗಳನ್ನೂ ಕವಾಯಿ ವಿನ್ಯಾಸ ಮಾಡುತ್ತಿದ್ದರು. ಹಿಂದಿನ ಅಂಗಳದಲ್ಲಿ ಇಳಿಜಾರಿನಲ್ಲಿ ಹತ್ತುವ ದೊಡ್ಡ ಮಡಕೆಗೂಡು ಇವತ್ತಿಗೂ ಇದೆ. ಅಲ್ಲಿ ನೆಲವನ್ನು ಮುಟ್ಟಿದೆ, ಕಂಬವನ್ನು ಮುಟ್ಟಿದೆ, ಕುಳಿತೆ. ಜನ ವಾಸವಿದ್ದ ಮನೆ ಎಂದು ಅಂಗೈಗೆ ಗೊತ್ತಾಗುತ್ತಿತ್ತು.

ಕ್ಯೋಟೊದ ಅಂಗಡಿಗಳಲ್ಲಿ ಕಾಗದದ ದುಂಡು ದೀಪಗಳು ಎಲ್ಲೆಲ್ಲೂ ಇದ್ದವು. ಅಮೆರಿಕದ ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಗಿಫುವಿಗೆ ಹೋಗಿ, ಅಲ್ಲಿನ ಲಾಂದ್ರ ಮಾಡುವವರ ಕಸುಬು ಕಂಡು ರೂಪಿಸಿದ 'ಅಕಾರಿ' ದೀಪಗಳ ಸಂತತಿ ಇವು. ಕಾಗದಕ್ಕೆ ಬಳಸುವ ಕೊಜೊ ಗಿಡ ರಾಮನಗರದ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ್ದು. ಬೆಂಗಳೂರಿನ ಅಂಗಡಿಗಳಲ್ಲೂ ಈ ಥರದ ದೀಪ ಸಿಗುತ್ತದೆ. ಕೊಂಡರೆ ತಪ್ಪಿಲ್ಲ, ಬೆಳಕು ನಿಜಕ್ಕೂ ಮೃದು. ಆದರೆ ಏಷ್ಯನ್ ಶೈಲಿ ಎಂದು ನಮ್ಮ ಶೋರೂಮುಗಳು ಮಾರುವ ಬುದ್ಧನ ತಲೆ, ಕರೆಂಟಿನ ಕಾರಂಜಿ, ಗಾಜಿನ ಬಟ್ಟಲಿನ ಲಕ್ಕಿ ಬ್ಯಾಂಬೂ ನನಗೆ ಕ್ಯೋಟೊದ ಯಾವ ಹಳೆಯ ಮನೆಯಲ್ಲೂ ಕಾಣಲಿಲ್ಲ. ಲಕ್ಕಿ ಬ್ಯಾಂಬೂ ಅಂತೂ ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಗಿಡ.

ಒಸಾಕಾದಲ್ಲಿ ಟ್ರಾಮು ಹಿಡಿದು ಸುಮಿಯೋಶಿ ದೇವಾಲಯದ ಮುಂದೆ ಇಳಿದದ್ದು ಒಂದೇ ಒಂದು ಮನೆಯ ಮುಂಗೋಡೆ ನೋಡಲು. ವಾಸ್ತುಶಿಲ್ಪಿ ತದಾವೊ ಅಂದೊ 1976ರಲ್ಲಿ ಕಟ್ಟಿದ ಸಾಲುಮನೆ. ಅಂದೊ ಶಾಲೆಗೆ ಹೋಗಿ ವಾಸ್ತುಶಿಲ್ಪ ಕಲಿತವರಲ್ಲ. ಹರೆಯದಲ್ಲಿ ಬಾಕ್ಸಿಂಗ್ ಮಾಡಿದವರು, ಇಂಥದೇ ಸಾಲುಮನೆಯಲ್ಲಿ ಬೆಳೆದವರು. ಬೀದಿಯಿಂದ ಕಾಣುವುದು ಹನ್ನೊಂದು ಅಡಿ ಅಗಲದ ಬೋಳು ಕಾಂಕ್ರೀಟು, ನಡುವೆ ಒಂದು ಬಾಗಿಲಗಂಡಿ, ಒಂದೂ ಕಿಟಕಿಯಿಲ್ಲ. ಸೈಟು ಸುಮಾರು 57 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 615 ಚದರಡಿ. ಟ್ವೆಂಟಿ ಥರ್ಟಿಗೆ ಹದಿನೈದೇ ಅಡಿ ಹೆಚ್ಚು! ಮನೆಯನ್ನು ಉದ್ದಕ್ಕೆ ಮೂರು ಸಮಪಾಲು ಮಾಡಿ ನಡುವಿನ ಪಾಲನ್ನು ಪೂರ್ತಿ ಆಕಾಶಕ್ಕೆ ಬಿಟ್ಟಿದ್ದಾರೆ. ಮುಂದೆ ಹಾಲ್, ಹಿಂದೆ ಅಡುಗೆ ಊಟ ಸ್ನಾನ, ಮೇಲೆ ಎರಡು ಮಲಗುವ ಕೋಣೆ, ಅವುಗಳ ನಡುವೆ ಸೇತುವೆ. ಮಳೆಯಲ್ಲಿ ಹಾಲ್‌ನಿಂದ ಅಡುಗೆಮನೆಗೆ ಛತ್ರಿ ಹಿಡಿದು ಹೋಗಬೇಕು. ಇದಕ್ಕೆ 1979ರಲ್ಲಿ ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಪ್ರಶಸ್ತಿ ಬಂತು. ಅದು ಖಾಸಗಿ ಮನೆಯಾದ್ದರಿಂದ ಬೀದಿಯಲ್ಲೇ ನಿಂತು ನೋಡಿ ಮುಂದಕ್ಕೆ ನಡೆದೆ. ಮೂರರಲ್ಲಿ ಒಂದು ಪಾಲು ಬಿಡುವ ಎದೆಗಾರಿಕೆ ನನಗಿಲ್ಲ. ಹನ್ನೆರಡರಲ್ಲಿ ಒಂದು ಪಾಲಾದರೂ ಬಿಡಬೇಕೆಂಬ ಹಟ ಅಲ್ಲೇ ಹುಟ್ಟಿತು.

ಅಂಗಳ ಬಿಟ್ಟು ಕಟ್ಟುವುದನ್ನು ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ. ಮಾಗಡಿ ಕಡೆಯ ಹಳ್ಳಿಗಳಲ್ಲಿ ತೊಟ್ಟಿ ಮನೆಗಳು ಇನ್ನೂ ನಿಂತಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಎಷ್ಟೋ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಉಳಿಸಿದರು. ಆ ಕಂಬಸಾಲುಗಳ ನಡುವೆ ನಿಂತರೆ ಅಂಗಳದ ಬೆಲೆ ಗೊತ್ತಾಗುತ್ತದೆ. ದೊಡ್ಡ ಮನೆಯ ತೊಟ್ಟಿಯನ್ನು ಆರುನೂರು ಚದರಡಿಗೆ ಇಳಿಸುವ ಬಗೆ ಮಾತ್ರ ನಮಗೆ ಮರೆತಿತ್ತು. ಅದನ್ನು ಕ್ಯೋಟೊ ತೋರಿಸಿತು. ಮಿಕ್ಕ ಸಾಮಾನೆಲ್ಲ ಇಲ್ಲೇ ಇದೆ. ಕೆಂಪು ಕಾವಿಯ ನೆಲ ತಿಕ್ಕಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಆದರೆ ಇದ್ದಾರೆ. ಜೊಂಡಿನ ಬಾಗಿಲ ಬದಲು ಮೇದರು ಹೆಣೆದ ಬಿದಿರಿನ ತಟ್ಟಿ. ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್. ತೇಗ ದುಬಾರಿಯಾದರೆ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್. ಕೆಂಗೇರಿಯ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ತೊಟ್ಟಿ ಇಲ್ಲದಿದ್ದರೂ ಬಾಲ್ಕನಿ ಇದೆ. ಅದಕ್ಕೆ ಗಾಜು ಹಾಕಿ ಮುಚ್ಚದೆ ತಟ್ಟಿ ಇಳಿಬಿಟ್ಟು, ಹಾಲ್‌ನ ಒಂದು ಮೂಲೆಗೆ ಒಂದಡಿ ಎತ್ತರದ ಮರದ ಜಗಲಿ ಕೂರಿಸಿದರೆ ಹಗಲು ಕೂರಲು, ರಾತ್ರಿ ನೆಂಟರು ಮಲಗಲು, ಅಡಿಯಲ್ಲಿ ಹಾಸಿಗೆ ತುಂಬಲು ಜಾಗವಾಗುತ್ತದೆ.

ಬಸವೇಶ್ವರನಗರದ ಸೈಟಿನಲ್ಲಿ ಪಾಯದ ಗುರುತು ಹಾಕುವ ದಿನ ನಾನು ಐದಡಿ ಹತ್ತಡಿಯ ತೊಟ್ಟಿಗೆ ಜಾಗ ಕೇಳಿದೆ. "ಅಕ್ಕ, ಬಾಡಿಗೆಗೆ ಕೊಡೋ ರೂಮು ಒಂದು ಹೋಗುತ್ತಲ್ಲ" ಎಂದಳು ತಂಗಿ. ಅವಳ ಮಾತು ನ್ಯಾಯವಾದದ್ದೇ. ಮನೆಸಾಲದ ಕಂತನ್ನು ಬಾಡಿಗೆಯೇ ಕಟ್ಟಬೇಕು. ಮೇಸ್ತ್ರಿ ಟೇಪು ಎಳೆದು, "ಮೇಡಂ, ಮೆಟ್ಲನ್ನ ಈ ಕಡೆಗೆ ತಿರುಗಿಸಿದ್ರೆ ನಾಲ್ಕಡಿ ಹನ್ನೆರಡಡಿ ಸಿಗುತ್ತೆ, ರೂಮೂ ಉಳಿಯುತ್ತೆ. ಮೇಲೆ ಕಬ್ಬಿಣದ ಸರಳು ಹಾಕಿ ಬಿಡೋಣ, ಕಳ್ಳಕಾಕರ ಭಯ ಇರಲ್ಲ. ಮಳೆ ನೀರು ಎಲ್ಲಿಗೆ ಬಿಡ್ಲಿ?" ಎಂದರು. ಸಂಪ್‌ಗೆ, ಎಂದಳು ತಂಗಿ. ನಡುವೆ ಜಲ್ಲಿ ಮರಳಿನ ಒಂದು ಸೋಸುಗುಂಡಿ ಮಾಡಬೇಕು, ಅದಕ್ಕೆ ಬೇರೆ ಕೂಲಿ ಎಂದು ಅವರು ಆಗಲೇ ಲೆಕ್ಕ ಶುರುಮಾಡಿದ್ದರು.